ದೊಡ್ಡಮ್ಮ ಮಗನಿಗಿಟ್ಟ ಹೆಸರು

ನನ್ನ ದೊಡ್ಡಮ್ಮನ ಮಗನ ಹೆಸರು ಮಿಸ್ಟರ್. ಮಿಸ್ಟರ್ ಇಂಥವನು ಅಂತಲ್ಲ, ಹೆಸರೇ ಮಿಸ್ಟರ್. ಮಿಸ್ಟರ್ ಟಾಲಿವರ್. ಈಗಿನ ಮಕ್ಕಳಿಗೆ ಹೇಳಿದರೆ ನಗುತ್ತಾರೆ. ನಗಲಿ. ಆ ಕಾಲದ ನಮ್ಮೂರು ಡೆಮ್ಸಿಯಲ್ಲಿ ನಮ್ಮ ಕಪ್ಪು ಜನ ಯಾರೂ ಆ ಹೆಸರಿಗೆ ನಗಲಿಲ್ಲ. ಬಿಳಿಯರಂತೂ ಅದನ್ನು ಕೇಳಿ ಹಲ್ಲು ಕಡಿಯುತ್ತಿದ್ದರು.

ಯಾಕೆಂದರೆ ಅಲಬಾಮಾದ ಬಿಳಿಯರ ಬಾಯಲ್ಲಿ ನಮ್ಮ ಗಂಡಸರು ಹುಟ್ಟಿದಾಗಿನಿಂದ ಐವತ್ತರವರೆಗೆ 'ಏ ಹುಡುಗ', ಐವತ್ತು ದಾಟಿದ ಮೇಲೆ 'ಅಂಕಲ್'. ನಮ್ಮ ಹೆಂಗಸರಿಗೆ ಮೊದಲು ಬರೀ ಹೆಸರು, ಕೂದಲು ನೆರೆತ ಮೇಲೆ 'ಆಂಟಿ'. ಯಾವ ಸಂಬಂಧಕ್ಕೆ ಅಂಕಲ್ಲೋ ಯಾವ ಸಂಬಂಧಕ್ಕೆ ಆಂಟಿಯೋ ದೇವರೇ ಬಲ್ಲ. ಮಿಸ್ಟರ್, ಮಿಸೆಸ್ ಅನ್ನುವ ಎರಡು ಪದ ಮಾತ್ರ ಅವರವರಿಗೇ ಮೀಸಲು. ನನ್ನ ದೊಡ್ಡಮ್ಮ ಲುವೀನಿಯಾ ಟಾಲಿವರ್ ಜೀವಮಾನವಿಡೀ ಬಯಸಿದ್ದು ಒಂದನ್ನೇ. ತಮ್ಮ ಮನೆಯವರನ್ನು ಈ ಊರಿನ ಬಿಳಿಯರು ಬಾಯಿಬಿಟ್ಟು ಮಿಸ್ಟರ್ ಅನ್ನಬೇಕು, ತಮ್ಮನ್ನು ಮಿಸೆಸ್ ಅನ್ನಬೇಕು. ಇದಕ್ಕಿಂತ ಹೆಚ್ಚಿನದನ್ನು ಅವರು ಯಾರ ಹತ್ತಿರವೂ ಕೇಳಲಿಲ್ಲ.

ದೊಡ್ಡಮ್ಮ ಸೂಲಗಿತ್ತಿ. ಗಂಜಿ ಹಾಕಿ ಇಸ್ತ್ರಿ ಮಾಡಿದ ಬಿಳಿ ಏಪ್ರನ್ನು, ಕೈಯಲ್ಲಿ ಕಪ್ಪು ಚೀಲ, ಚೀಲದಲ್ಲಿ ಕತ್ತರಿ, ಕುದಿಸಿ ಒಣಗಿಸಿದ ಬಟ್ಟೆ. ಹೆರಿಗೆ ಮಾಡಿಸುವುದಷ್ಟೇ ಅಲ್ಲ, ಸರ್ಕಾರದ ಜನನ ಪತ್ರ ತುಂಬುವುದೂ ಅವರದೇ ಕೆಲಸ. ಅವರ ಅಕ್ಷರ ದುಂಡಗೆ, ಮುತ್ತು ಪೋಣಿಸಿದ ಹಾಗೆ. ನಮ್ಮವರ ಮಕ್ಕಳು ಮಾತ್ರವಲ್ಲ, ನದಿಯಾಚೆಯ ಬಡ ಬಿಳಿಯರ ಮಕ್ಕಳೂ ಅವರ ಕೈಯಲ್ಲೇ ಹುಟ್ಟಿದವು. ಡಾಕ್ಟರು ಕಾಲಿಡದ ಮನೆಗಳಿಗೆ ಅವರು ಕಾಲಿಡುತ್ತಿದ್ದರು, ಹಿಂಬಾಗಿಲಿನಿಂದ. ಹೀಗೆ ಊರಿಗೆಲ್ಲ ಬಾಣಂತನ ಮಾಡಿದವರಿಗೆ ತಮ್ಮದೇ ಮಡಿಲು ತುಂಬಲು ಮೂವತ್ತೇಳು ವರ್ಷ ಹಿಡಿಯಿತು.

ಹೊಟ್ಟೆಯಲ್ಲಿ ಮಗುವಿದ್ದಾಗಲೇ ಆ ಸಂಗತಿ ನಡೆದದ್ದು. ದೊಡ್ಡಪ್ಪ ಎಜ್ರಾ ಹಿಟ್ಲರನ ಯುದ್ಧದಲ್ಲಿ ಫ್ರಾನ್ಸಿನ ಕೆಸರಿನಲ್ಲಿ ಮದ್ದುಗುಂಡಿನ ಲಾರಿ ಓಡಿಸಿ ಬಂದವರು. ಯುದ್ಧದಿಂದ ಮರಳಿದವರು ಮನೆ ಕಟ್ಟಿಕೊಳ್ಳಲು ಸರ್ಕಾರ ಬೆನ್ನಿಗೆ ನಿಲ್ಲುತ್ತದೆ ಎಂದು ಟ್ರೂಮನ್ ಕಾಲದಲ್ಲಿ ಊರೂರಲ್ಲೂ ಮಾತು. ದೊಡ್ಡಪ್ಪನಿಗೂ ವಾಷಿಂಗ್ಟನ್ನಿನಿಂದ ಕಾಗದ ಬಂತು. ಮೇಲೆ 'ಮಿಸ್ಟರ್ ಎಜ್ರಾ ಟಾಲಿವರ್' ಎಂದು ಟೈಪು ಮಾಡಿತ್ತು. ಅದನ್ನು ಎದೆ ಜೇಬಿನಲ್ಲಿಟ್ಟುಕೊಂಡು, ಸಮವಸ್ತ್ರ ತೊಟ್ಟು, ಹೆಂಡತಿಯನ್ನೂ ಕರೆದುಕೊಂಡು ಮನೆಸಾಲದ ಕಚೇರಿಗೆ ಹೋದರು. ಅಲ್ಲಿ ಕುಳಿತಿದ್ದವನು ಕಾಗದ ಓದಿ, ದೊಡ್ಡಪ್ಪನ ತಲೆಯ ಮೇಲಿಂದ ಬಾಗಿಲ ಕಡೆ ನೋಡಿದ.

"ಇದು ಮಿಸ್ಟರ್ ಟಾಲಿವರ್‌ಗೆ ಬಂದಿರೋ ಕಾಗದ. ಎಲ್ಲಪ್ಪಾ ಅವರು? ನನಗೆ ಯಾವ ಮಿಸ್ಟರೂ ಕಾಣಿಸ್ತಿಲ್ಲವಲ್ಲ."

"ನಾನೇ ಸಾರ್," ಅಂದರು ದೊಡ್ಡಪ್ಪ.

"ನೀನಾ? ನೀನು ಎಜ್ರಾ. ಮಿಸ್ಟರ್ ಎಲ್ಲಾದ್ರೂ ಸಿಕ್ಕಿದ್ರೆ ಕಳಿಸು ಹೋಗು."

ಕಚೇರಿಯಲ್ಲಿದ್ದವರೆಲ್ಲ ಗೊಳ್ಳೆಂದು ನಕ್ಕರಂತೆ. ಕಾಗದ ವಾಪಸು ಕೈಗೆ ಬಂತು, ಮನೆ ಬರಲಿಲ್ಲ. ಮುಂದಿನ ಎರಡು ವರ್ಷದಲ್ಲಿ ಊರಿನ ಉತ್ತರಕ್ಕೆ ಸಾಲುಸಾಲಾಗಿ ಹೊಸ ಮನೆಗಳೆದ್ದವು, ಯುದ್ಧದಿಂದ ಬಂದ ಬಿಳಿ ಹುಡುಗರಿಗೆ. ಆ ಮನೆಗಳಿಗೆ ಮರದ ಮಿಲ್ಲಿನಲ್ಲಿ ಹಲಗೆ ಕೊಯ್ದವರಲ್ಲಿ ದೊಡ್ಡಪ್ಪನೂ ಒಬ್ಬರು.

ಅವತ್ತು ದೊಡ್ಡಮ್ಮ ಮನೆಗೆ ಬಂದು ಟೋಪಿ ತೆಗೆದು ಗೂಟಕ್ಕೆ ಹಾಕಿದ ಮೇಲೆ ಗಂಡನಿಗೆ ಹೇಳಿದರು: "ಮಿಸ್ಟರ್ ಬೇಕಂತಲ್ಲ ಅವನಿಗೆ? ತಡಿ, ಹೆತ್ತು ಕೊಡ್ತೀನಿ."

ಹೆತ್ತೇ ಕೊಟ್ಟರು. ಸಾವಿರದ ಒಂಬೈನೂರ ನಲವತ್ತೇಳರ ಮಾರ್ಚಿನಲ್ಲಿ. ಹೆರಿಗೆಯಾದ ಹಾಸಿಗೆಯಲ್ಲೇ ಎದ್ದು ಕೂತು ಪೆನ್ನು ಕೇಳಿ, ಮಗನ ಜನನ ಪತ್ರವನ್ನು ತಾವೇ ತುಂಬಿದರು.

"ಲುವೀನಿ, ಹುಡುಗನಿಗೆ ತೊಂದರೆ ಆಗುತ್ತೆ ಕಣೇ," ಅಂದರು ದೊಡ್ಡಪ್ಪ.

"ತೊಂದರೆ ಯಾವ ಹೆಸರಿಟ್ರೂ ತಪ್ಪಿದ್ದಲ್ಲ. ಈ ಹೆಸರಿಟ್ರೆ ಅವರಿಗೂ ಒಂಚೂರು ಆಗಲಿ."

ಆಮೇಲೆ ನಮ್ಮ ಕಡೆ ಅದೊಂದು ಗೀಳೇ ಆಯಿತು. ದೊಡ್ಡಮ್ಮ ಹೆರಿಗೆ ಮಾಡಿಸಿದ ಮನೆಗಳಲ್ಲಿ ಇಬ್ಬರು ಮೇಜರ್, ಒಬ್ಬ ಜಡ್ಜ್, ಒಬ್ಬಳು ಕ್ವೀನ್ ಹುಟ್ಟಿಕೊಂಡರು. ಜಡ್ಜ್ ಪರ್ಕಿನ್ಸನಂತೂ ಹುಟ್ಟಾ ಮೊದ್ದ, ಹತ್ತಿ ಬಿಡಿಸುವಾಗಲೂ ನಿದ್ದೆ ಹೊಡೆಯುತ್ತಿದ್ದ. ಆದರೂ ಬಿಳಿಯ ಯಜಮಾನ "ಏಯ್ ಜಡ್ಜ್!" ಎಂದು ಕೂಗಬೇಕಾದಾಗ ಆ ಯಜಮಾನನ ಮುಖ ನೋಡಲು ನಾವು ಬೇಲಿ ಪಕ್ಕ ನಿಲ್ಲುತ್ತಿದ್ದೆವು.

ನಾನು ದೊಡ್ಡಮ್ಮನ ತಂಗಿಯ ಮಗಳು, ಪಕ್ಕದ ಮನೆ, ಮಿಸ್ಟರನಿಗಿಂತ ಒಂದು ವರ್ಷ ಚಿಕ್ಕವಳು. ನನಗೆ ಅವನು ಮಿಸ್ಟರಣ್ಣ. ಸಂಜೆ ಬಿಳಿಯರ ಕಾರುಗಳು ಮಿಲ್ಲಿನಿಂದ ನಮ್ಮ ಬೀದಿ ಹಾದು ಹೋಗುವ ಹೊತ್ತಿಗೇ ಸರಿಯಾಗಿ ದೊಡ್ಡಮ್ಮ ಜಗಲಿಗೆ ಬಂದು ಕೂಗುವರು: "ಮಿಸ್ಟರ್! ಏ ಮಿಸ್ಟರ್! ಜೋಳದ ರೊಟ್ಟಿ ಆರಿಹೋಗುತ್ತೆ ಬಾರೋ!" ಕಾರಿನೊಳಗಿನ ತಲೆಗಳು ತಿರುಗುತ್ತಿದ್ದವು. ರೊಟ್ಟಿ ಇನ್ನೂ ಒಲೆಯಲ್ಲೇ ಇರುತ್ತಿತ್ತು.

ಬಿಳಿಯರೇನು ಕಮ್ಮಿಯೇ? ಅಂಗಡಿಯವನು ಅವನನ್ನು 'ಮಿಸ್ಸಿ' ಅಂತ ಹುಡುಗಿಯ ಹೆಸರಿಟ್ಟು ಕರೆದ. ಅಂಚೆಯವನು 'ಮಿಚ್' ಅಂದ. ಉಳಿದವರು 'ಏ ಹುಡುಗ' ಅಂದು ಕೈತೊಳೆದುಕೊಂಡರು. ಇಪ್ಪತ್ತು ವರ್ಷದಲ್ಲಿ ಡೆಮ್ಸಿಯ ಒಂದೇ ಒಂದು ಬಿಳಿ ನಾಲಿಗೆ ಆ ಹೆಸರನ್ನು ಪೂರ್ತಿ ಹೇಳಲಿಲ್ಲ. ನಾನು ಲೆಕ್ಕ ಇಟ್ಟವಳಲ್ಲ. ದೊಡ್ಡಮ್ಮ ಇಟ್ಟಿದ್ದರು.

ಇನ್ನೊಂದು ಹಟವೂ ಅವರಿಗಿತ್ತು. ಹೊಸ ಅಧ್ಯಕ್ಷ ಬಂದಾಗಲೆಲ್ಲ ಅವನಿಗೊಂದು ಕಾಗದ ಬರೆಯುವುದು. 'ಮಾನ್ಯರೇ, ಈ ಊರಿನಲ್ಲಿ ನಮ್ಮನ್ನೂ ಮಿಸ್ಟರ್, ಮಿಸೆಸ್ ಎಂದು ಕರೆಯುವ ಹಾಗೆ ಒಂದು ಕಾನೂನು ಮಾಡಿ.' ಉತ್ತರ ಬರುತ್ತಿತ್ತು, ಅಲ್ಲಿನ ಯಾರೋ ಟೈಪು ಮಾಡಿದ್ದು. ನಿಮ್ಮ ಪತ್ರಕ್ಕೆ ಧನ್ಯವಾದ, ಪರಿಶೀಲಿಸಲಾಗುವುದು. ಆದರೆ ಮೇಲ್ಗಡೆ 'ಪ್ರಿಯ ಮಿಸೆಸ್ ಟಾಲಿವರ್' ಅಂತ ಇರುತ್ತಿತ್ತು. ದೊಡ್ಡಮ್ಮ ಆ ಒಂದು ಸಾಲು ಮಾತ್ರ ಕಾಣುವಂತೆ ಉಳಿದದ್ದನ್ನು ಹಿಂದಕ್ಕೆ ಮಡಿಸಿ, ಚೌಕಟ್ಟು ಹಾಕಿ, ಆ ಅಧ್ಯಕ್ಷನ ಪತ್ರಿಕೆಯ ಚಿತ್ರದ ಕೆಳಗೆ ಗೋಡೆಗೆ ನೇತುಹಾಕುತ್ತಿದ್ದರು.

"ಪೂರ್ತಿ ಕಾಣೋ ಹಾಗೆ ಇಡಬಾರದಾ ದೊಡ್ಡಮ್ಮ?" ಅಂತ ಕೇಳಿದ್ದೆ.

"ಕೆಳಗಿರೋದೆಲ್ಲ ಗಾಳಿ ಮಾತು ಕಣೇ. ನನಗೆ ಬೇಕಾಗಿರೋದು ಮೇಲಿನ ಸಾಲು."

ಅಧ್ಯಕ್ಷರ ಬಗ್ಗೆ ಅವರ ತೀರ್ಪುಗಳು ಕಟುವಾಗಿದ್ದವು. ಸೈನ್ಯದಲ್ಲಿ ಬಣ್ಣದ ಭೇದ ಬೇಡವೆಂದು ಟ್ರೂಮನ್ ಆಜ್ಞೆ ಹೊರಡಿಸಿದಾಗ ಊರೆಲ್ಲ ಹಿಗ್ಗಿತು. ದೊಡ್ಡಮ್ಮ, "ಸಾಯೋಕೆ ಒಟ್ಟಿಗೆ ಕಳಿಸ್ತಾನೆ, ಬದುಕೋಕೆ ಬೇರೆ ಬೇರೆ ಬೀದಿ" ಅಂದರು. ಐಸೆನ್‌ಹೋವರ್ ಅರ್ಕನ್ಸಾದ ಶಾಲೆಯ ಬಾಗಿಲಿಗೆ ನಮ್ಮ ಮಕ್ಕಳ ಕಾವಲಿಗೆ ಸೈನಿಕರನ್ನು ಕಳಿಸಿದ ಮೇಲಷ್ಟೇ ಅವನ ಚಿತ್ರಕ್ಕೊಂದು ಮೊಳೆ ಸಿಕ್ಕಿತು. ಕೆನಡಿ ಸತ್ತಾಗ ಮನೆಯಲ್ಲಿ ಎರಡು ದಿನ ಒಲೆ ಹಚ್ಚಲಿಲ್ಲ. ಅಷ್ಟರಲ್ಲಿ ದೊಡ್ಡಪ್ಪನೂ ತೀರಿಕೊಂಡಿದ್ದರು, ಮಿಲ್ಲಿನ ಧೂಳು ಎದೆಗೆ ಕೂತು. ಅವರ ಶವಪೆಟ್ಟಿಗೆಗೆ ಹೂ ಕಳಿಸಿದ ಮಿಲ್ಲಿನವರು ಚೀಟಿಯಲ್ಲಿ ಬರೆದದ್ದು 'ನಮ್ಮ ಹಳೇ ಎಜ್ರಾ' ಎಂದು.

ಜಾನ್ಸನ್ ಮಾತ್ರ ದೊಡ್ಡಮ್ಮನ ಮನಸ್ಸು ಗೆದ್ದುಬಿಟ್ಟ. ಒಂದು ಕಾನೂನಿಗೆ ಸಹಿ ಹಾಕಿದ, ನಮಗೆ ಹೋಟೆಲುಗಳ ಬಾಗಿಲು ತೆರೆಯಿತು. ಇನ್ನೊಂದಕ್ಕೆ ಸಹಿ ಹಾಕಿದ, ಐವತ್ತಾರನೇ ವಯಸ್ಸಿನಲ್ಲಿ ದೊಡ್ಡಮ್ಮ ಮೊದಲ ಸಲ ಓಟು ಹಾಕಿದರು. "ಲುವೀನಿಯಾ, ಇಲ್ಲಿ ಒಂದು ಗೀಟು ಹಾಕು" ಎಂದು ಮತಗಟ್ಟೆಯವನು ಪಟ್ಟಿಯಲ್ಲಿ ಸಹಿಯ ಜಾಗ ತೋರಿಸಿದರೆ, ಗೀಟು ಹಾಕದೆ ಮುತ್ತಿನಂಥ ಅಕ್ಷರದಲ್ಲಿ 'ಮಿಸೆಸ್ ಲುವೀನಿಯಾ ಟಾಲಿವರ್' ಎಂದು ಬರೆದು ಬಂದರು. ಜಾನ್ಸನ್ನನ ಚಿತ್ರ ಎಲ್ಲರಿಗಿಂತ ಒಂದು ಗೇಣು ಮೇಲೇರಿತು.

ಮರುವರ್ಷವೇ ಅದೇ ಜಾನ್ಸನ್ನನ ಯುದ್ಧಕ್ಕೆ ಮಿಸ್ಟರಣ್ಣನಿಗೆ ಕರೆ ಬಂತು. ಲಕೋಟೆಯ ಮೇಲಿನ ವಿಳಾಸ ಹೀಗಿತ್ತು: 'ಮಿಸ್ಟರ್ ಮಿಸ್ಟರ್ ಟಾಲಿವರ್.' ಇಪ್ಪತ್ತು ವರ್ಷ ಒಂದು ಸಲವೂ ಅನ್ನದವರು ಈಗ ಎರಡು ಸಲ ಅಂದಿದ್ದರು. ನಾವು ಅಡುಗೆಮನೆಯಲ್ಲಿ ಹೊಟ್ಟೆ ಹಿಡಿದುಕೊಂಡು ನಕ್ಕೆವು. ಮಿಸ್ಟರಣ್ಣನೇ ಮೊದಲು ನಕ್ಕದ್ದು. ದೊಡ್ಡಮ್ಮ ಲಕೋಟೆಯನ್ನು ಎರಡು ಸಲ ತಿರುವಿ ನೋಡಿ, "ಇಷ್ಟು ಮರ್ಯಾದೆ ಯಾಕೆ ಕೊಡ್ತಿದಾರೆ ಇವರು?" ಅಂದರು. ಆಗ ನಗು ನಿಂತಿತು.

ಅವನು ಹೋದ. ಎರಡನೇ ತಿಂಗಳು ಕಾಗದ ಬರೆದ: 'ಅಮ್ಮಾ, ಇಲ್ಲಿ ಮಿಸ್ಟರ್ ಅಂದರೆ ಒಂದು ದರ್ಜೆಯ ಅಧಿಕಾರಿಯನ್ನು ಕರೆಯುವ ರೀತಿಯಂತೆ, ಅದು ಸಿಪಾಯಿಯ ಹೆಸರಾಗಲು ಸಾಧ್ಯವೇ ಇಲ್ಲವಂತೆ. ಗುಮಾಸ್ತ ನನ್ನನ್ನು ಬರೀ ಎಂ. ಟಾಲಿವರ್ ಅಂತ ಬರೆದುಕೊಂಡಿದ್ದಾನೆ. ಒಹಾಯೋದ ಒಬ್ಬ ಬಿಳಿ ಹುಡುಗ ಮಾತ್ರ ದಿನವೂ ಬೆಳಿಗ್ಗೆ ಗುಡ್ ಮಾರ್ನಿಂಗ್ ಮಿಸ್ಟರ್ ಅಂತಾನೆ, ಬೇಕಂತಲೇ, ಎಲ್ಲರಿಗೂ ಕೇಳುವ ಹಾಗೆ. ಒಳ್ಳೆಯವನು. ನೀನು ಕಷ್ಟಪಟ್ಟಿದ್ದು ಪೂರ್ತಿ ದಂಡವಾಗಲಿಲ್ಲ.' ಆ ಕಾಗದವನ್ನು ದೊಡ್ಡಮ್ಮ ಮಡಿಸಲಿಲ್ಲ. ಬೈಬಲ್ಲಿನೊಳಗೆ ಅಗಲವಾಗಿ ಇಟ್ಟರು.

ಅರವತ್ತೆಂಟರ ಮೇ ತಿಂಗಳ ಒಂದು ಬೆಳಿಗ್ಗೆ. ದೊಡ್ಡಮ್ಮ ಮತ್ತು ನಾನು ಜಗಲಿಯಲ್ಲಿ ಕೂತು ಬಟಾಣಿ ಸುಲಿಯುತ್ತಿದ್ದೆವು. ಕೆಂಪು ಮಣ್ಣು ಎಬ್ಬಿಸಿಕೊಂಡು ಒಂದು ಕಾರು ಬಂದು ನಮ್ಮ ಗೇಟಿನ ಮುಂದೆ ನಿಂತಿತು. ಸಮವಸ್ತ್ರದ ಇಬ್ಬರು ಇಳಿದರು. ಮುಂದಿದ್ದವನು ಬಿಳಿಯ, ಇನ್ನೂ ಮೂವತ್ತಾಗಿರದವನು, ಮೂಗು ಬಿಸಿಲಿಗೆ ಸುಲಿದಿತ್ತು. ಮೆಟ್ಟಿಲ ಕೆಳಗೇ ನಿಂತು ಟೋಪಿ ತೆಗೆದು ಕಂಕುಳಲ್ಲಿ ಇಟ್ಟುಕೊಂಡ.

"ಮಿಸೆಸ್ ಟಾಲಿವರ್ ಅವರು ತಾವೇನಾ ಅಮ್ಮಾ?"

ಅವನು ಅಷ್ಟೇ ಅಂದದ್ದು. ದೊಡ್ಡಮ್ಮನ ಮಡಿಲಿನ ಬೋಗುಣಿ ಉರುಳಿ ಬಟಾಣಿ ಜಗಲಿಯೆಲ್ಲ ಹರಡಿತು. ನಾನು ಅವರನ್ನು ಹಿಡಿದುಕೊಂಡೆ. ಅವನು ಮುಂದಿನದನ್ನು ಇನ್ನೂ ಹೇಳಿರಲಿಲ್ಲ.

"ಹೇಳಬೇಡಪ್ಪ," ಅಂದರು ದೊಡ್ಡಮ್ಮ. "ಬೇಡ. ನಾನು ಲುವೀನಿಯಾ. ಬರೀ ಲುವೀನಿಯಾ. ನೀನು ಬೇರೆ ಮನೆಗೆ ಬಂದಿದೀಯ."

"ಮಿಸೆಸ್ ಟಾಲಿವರ್, ತುಂಬ ದುಃಖದಿಂದ ತಿಳಿಸಬೇಕಾಗಿದೆ..."

ಅವನು ಬಾಯಿಪಾಠ ಮಾಡಿದ್ದನ್ನು ಪೂರ್ತಿ ಒಪ್ಪಿಸಿದ. ಒಳ್ಳೆಯ ಹುಡುಗನೇ ಇರಬೇಕು, ಹೊರಡುವ ಮುಂಚೆ ಬಗ್ಗಿ ಬಟಾಣಿ ಆರಿಸಲು ಶುರುಮಾಡಿದ, ನಾನು ಬೇಡವೆಂದೆ. ಆ ರಾತ್ರಿ ನಾನು ಅಮ್ಮನ ಮುಂದೆ ಅತ್ತುಕೊಂಡು ಕೇಳಿದೆ, ಅವನು ಹೇಳುವ ಮೊದಲೇ ದೊಡ್ಡಮ್ಮನಿಗೆ ಹೇಗೆ ತಿಳಿಯಿತು ಎಂದು. ಒಳಕೋಣೆಯಿಂದ ದೊಡ್ಡಮ್ಮನೇ ಉತ್ತರ ಕೊಟ್ಟರು. "ಬಿಳಿಯ ಗಂಡಸು ನನ್ನ ಮನೆ ಮುಂದೆ ಟೋಪಿ ತೆಗೆದು ಮಿಸೆಸ್ ಅಂದನಲ್ಲೇ. ಇನ್ನೇನು ಉಳೀತು ತಿಳಿಯೋಕೆ?"

ಸಂತಾಪ ಪತ್ರವೂ ಬಂತು. ಅಧ್ಯಕ್ಷರ ಪತ್ರಗಳಲ್ಲಿ ದೊಡ್ಡಮ್ಮ ಮೊದಲ ಸಲ ಮೇಲಿನಿಂದ ಕೆಳಗಿನವರೆಗೆ ಪೂರ್ತಿ ಓದಿದ್ದು ಅದನ್ನೇ. 'ನಿಮ್ಮ ಮಗ' ಎಂದು ಮೂರು ಕಡೆ ಇತ್ತು, ಹೆಸರು ಎಲ್ಲೂ ಇರಲಿಲ್ಲ. ಎದ್ದು ಹೋಗಿ ಜಾನ್ಸನ್ನನ ಚಿತ್ರಕ್ಕೆ ಕೈ ಹಾಕಿದರು. ಕಿತ್ತು ಒಲೆಗೆ ಹಾಕುತ್ತಾರೆ ಅಂದುಕೊಂಡೆ. ಹಾಕಲಿಲ್ಲ, ಅವನ ಮುಖವನ್ನು ಗೋಡೆಗೆ ತಿರುಗಿಸಿದರು. "ಓಟು ಕೊಟ್ಟವನೂ ಇವನೇ, ಮಗನನ್ನ ತಗೊಂಡವನೂ ಇವನೇ. ಒಲೆಗೆ ಹಾಕಲಾ, ಪೂಜೆ ಮಾಡಲಾ, ನೀನೇ ಹೇಳು," ಅಂದರು.

ನಮ್ಮ ಚರ್ಚಿನ ಹಿಂದೆ ದೊಡ್ಡಪ್ಪನ ಪಕ್ಕದಲ್ಲೇ ಮಿಸ್ಟರಣ್ಣನನ್ನು ಮಣ್ಣು ಮಾಡಿದೆವು. ಸಿಪಾಯಿಯ ಗೋರಿಗೆ ಸರ್ಕಾರ ಕಲ್ಲು ಕೊಡುತ್ತದೆ. ಆ ಅರ್ಜಿ ತುಂಬಿಸಿಕೊಳ್ಳುತ್ತಿದ್ದವನು ಡೆಲ್ಮರ್ ಕಾಬ್ ಎಂಬ ಬಿಳಿಯ, ಕೋರ್ಟು ಕಟ್ಟಡದ ಕೆಳಗಿನ ಕೋಣೆಯಲ್ಲಿ ಕೂರುವವನು. ಅವನು ಹುಟ್ಟಿದ್ದೂ ದೊಡ್ಡಮ್ಮನ ಕೈಯಲ್ಲೇ, ನದಿಯಾಚೆ, ಪ್ರವಾಹ ಬಂದ ವರ್ಷ. ನಾನೂ ಜೊತೆಗೆ ಹೋಗಿದ್ದೆ.

"ಆಂಟಿ, ಸೈನ್ಯದ ದಾಖಲೆಯಲ್ಲಿ ಎಂ. ಅಂತ ಇದೆ. ಎಂ. ಅಂತಲೇ ಕೆತ್ತೋದು," ಅಂದ ಡೆಲ್ಮರ್.

"ಅವನ ಹೆಸರು ಮಿಸ್ಟರ್."

"ಅದು ಹೆಸರಲ್ಲ ಆಂಟಿ."

ದೊಡ್ಡಮ್ಮ ಕೈಚೀಲದಿಂದ ಜನನ ಪತ್ರ ತೆಗೆದು ಮೇಜಿನ ಮೇಲೆ ಬಿಡಿಸಿದರು. ಡೆಲ್ಮರ್ ಕಣ್ಣಾಡಿಸಿ ನಕ್ಕ. "ಇದು ನಿನ್ನ ಕೈಬರಹವೇ ಅಲ್ವಾ? ನೀನು ಬರೆದುಕೊಂಡುಬಿಟ್ರೆ ಹೆಸರಾಗಿಬಿಡುತ್ತಾ?"

"ನಿನ್ನ ಹೆಸರು ಬರೆದಿದ್ದೂ ಇದೇ ಕೈ ಡೆಲ್ಮರ್. ನಿಮ್ಮಪ್ಪ ಕುಡಿದು ಬಿದ್ದಿದ್ದ, ನಿಮ್ಮಮ್ಮನಿಗೆ ಬರೆಯೋಕೆ ಬರ್ತಿರಲಿಲ್ಲ. ನಿಂದು ಹೆಸರು ಹೌದೋ ಅಲ್ಲವೋ, ಹೇಳು."

ಡೆಲ್ಮರನ ಕಿವಿ ಕೆಂಪಾಯಿತು. ಅರ್ಜಿ ಎಳೆದುಕೊಂಡು ಏನೋ ಗೀಚಿದ. ಆರು ತಿಂಗಳಾದ ಮೇಲೆ ಬಂದ ಕಲ್ಲಿನ ಮೇಲೆ 'ಎಂ. ಟಾಲಿವರ್' ಎಂದೇ ಇತ್ತು. ಅವನು ಬರೆದದ್ದೇ ಹಾಗೋ, ಕೆತ್ತಿದವನು ಮಾಡಿದ್ದೋ, ಕೊನೆಗೂ ತಿಳಿಯಲಿಲ್ಲ. ದೊಡ್ಡಮ್ಮ ಕಲ್ಲನ್ನು ನೆಡಲು ಬಿಡಲಿಲ್ಲ. ಹೊಸದಾಗಿ ಬಂದಿದ್ದ ನಿಕ್ಸನ್ನನಿಗೆ ಕಾಗದ ಬರೆದರು. ಈ ಸಲ ಕೇಳಿದ್ದು ಕಾನೂನಲ್ಲ, ಒಂದು ಕಲ್ಲಿನ ಮೇಲೆ ಒಂದು ಪದ. ಸಭ್ಯ ಉತ್ತರಗಳು ಬಂದವು. ಮತ್ತೆ ಬರೆದರು. ಜನನ ಪತ್ರದ ನಕಲು, ಪಾದ್ರಿಯ ಪತ್ರ, ಒಹಾಯೋದ ಆ ಹುಡುಗ ಬರೆದುಕೊಟ್ಟ ಪತ್ರ, ಎಲ್ಲ ಲಗತ್ತಿಸಿದರು. ಯುದ್ಧ ಮುಗಿಸುತ್ತೇನೆ ಎಂದವನು ಮುಗಿಸದೆ ಒಂದು ವರ್ಷ ಹೋಯಿತು. ನಮ್ಮ ಜಿಲ್ಲೆಗೆ ಇನ್ನೂ ಮೂರು ಶವಪೆಟ್ಟಿಗೆಗಳು ಬಂದವು. ಅದರಲ್ಲೊಂದು ನಿದ್ದೆಬುರುಕ ಜಡ್ಜ್ ಪರ್ಕಿನ್ಸನದು.

ಎಪ್ಪತ್ತನೇ ಇಸವಿಯ ಶರತ್ಕಾಲದಲ್ಲಿ ಎರಡನೇ ಕಲ್ಲು ಬಂತು. ಬಿಳಿ ಅಮೃತಶಿಲೆ, ಆಳವಾದ ಅಕ್ಷರ: ಮಿಸ್ಟರ್ ಟಾಲಿವರ್. ಕಲ್ಲು ತಲುಪಿದ್ದಕ್ಕೆ ಸಹಿ ಹಾಕಿಸಿಕೊಳ್ಳಲು ಡೆಲ್ಮರನೇ ಬರಬೇಕಾಯಿತು. ನಾವು ಹತ್ತಿಪ್ಪತ್ತು ಜನ ಗೋರಿಯ ಸುತ್ತ ನಿಂತಿದ್ದೆವು.

"ಕಾಗದದಲ್ಲಿರೋ ಹೆಸರು ಓದು. ಕಲ್ಲಿಗೂ ಅದಕ್ಕೂ ತಾಳೆ ಆಗಬೇಕಲ್ಲ," ಅಂದರು ದೊಡ್ಡಮ್ಮ.

ಡೆಲ್ಮರ್ ಗಂಟಲು ಸರಿಮಾಡಿಕೊಂಡ. "ಮಿಸ್ಟರ್ ಟಾಲಿವರ್."

"ಕೇಳಿಸಲಿಲ್ಲ."

"ಮಿಸ್ಟರ್ ಟಾಲಿವರ್!"

"ಇನ್ನೊಂದು ಸಲ."

ಮೂರನೇ ಸಲವೂ ಓದಿದ. ಯಾರೋ ಹಿಂದಿನಿಂದ "ಆಮೆನ್" ಅಂದರು. ಇಪ್ಪತ್ತಮೂರು ವರ್ಷ ಕಾದ ಮಾತು ಒಂದು ಬಿಳಿ ಬಾಯಿಂದ, ನಮ್ಮ ನೆಲದಲ್ಲಿ, ಎಲ್ಲರೆದುರು ಬಂದಿತ್ತು. ದೊಡ್ಡಮ್ಮನ ಮುಖ ನೋಡಿದೆ. ಅವರು ಕಾಯುತ್ತಿದ್ದರು, ಕರೆದರೆ ಯಾರೋ 'ಬಂದೇ ಅಮ್ಮಾ' ಅನ್ನುತ್ತಾರೇನೋ ಅನ್ನುವ ಹಾಗೆ. ಡೆಲ್ಮರ್ ಪೆನ್ನು ಚಾಚಿದ.

"ಇಲ್ಲಿ ಸೈನ್ ಹಾಕು ಆಂಟಿ."

ನನ್ನ ಮೈ ಉರಿಯಿತು. ಇವತ್ತಿಗೂ ಉರಿಯುತ್ತದೆ, ನನಗೆ ಕ್ಷಮಿಸುವ ಗುಣ ಕಮ್ಮಿ. ದೊಡ್ಡಮ್ಮ ಪೆನ್ನು ತೆಗೆದುಕೊಂಡು ಸಹಿ ಹಾಕಿದರು. ಯಾವಾಗಲೂ ಮೊದಲು ಬರೆಯುತ್ತಿದ್ದ 'ಮಿಸೆಸ್' ಅನ್ನುವ ಪದವನ್ನು ಆ ದಿನ ಬರೆಯಲಿಲ್ಲ. ಮರೆತಿರಬೇಕು ಅಂದುಕೊಂಡೆ.

ಮರೆತದ್ದಲ್ಲವೆಂದು ನಾಲ್ಕು ವರ್ಷದ ನಂತರ ಗೊತ್ತಾಯಿತು. ಅಷ್ಟರಲ್ಲಿ ಊರು ಬದಲಾಗಿತ್ತು. ನಾನು ಬಿಳಿ ಮಕ್ಕಳೂ ಬರುವ ಶಾಲೆಯಲ್ಲಿ ಟೀಚರಾಗಿದ್ದೆ. ಒಂದು ಮಧ್ಯಾಹ್ನ ದೊಡ್ಡಮ್ಮನನ್ನು ಅಂಚೆ ಕಚೇರಿಗೆ ಕರೆದುಕೊಂಡು ಹೋದೆ. ಕಿಟಕಿಯಲ್ಲಿ ಹೊಸದಾಗಿ ಸೇರಿದ್ದ ಬಿಳಿ ಹುಡುಗಿ, ಇಪ್ಪತ್ತು ಇಪ್ಪತ್ತೊಂದು ವಯಸ್ಸಿರಬೇಕು. ನಮ್ಮನ್ನು ನೋಡಿ ಎದ್ದು ನಿಂತು ನಗುಮುಖದಿಂದ ಹೇಳಿದಳು:

"ಮಿಸೆಸ್ ಟಾಲಿವರ್, ನಮಸ್ಕಾರ. ನಿಮಗೊಂದು ಬಂದಿದೆ."

ಅವಳಿಗೆ ಯಾರೂ ಹೇಳಿಕೊಟ್ಟದ್ದಲ್ಲ, ಕಾನೂನಿಗೆ ಹೆದರಿದ್ದೂ ಅಲ್ಲ. ಆ ಮಾತು ಅವಳ ಬಾಯಿಗೆ ತಾನಾಗಿ ಬಂದಿತ್ತು. ಅರವತ್ತು ದಾಟಿದ ನನ್ನ ದೊಡ್ಡಮ್ಮ ಐದು ಅಧ್ಯಕ್ಷರಿಗೆ ಕಾಗದ ಬರೆದು ಕೇಳಿದ್ದು ಇದನ್ನೇ. ದೊಡ್ಡಮ್ಮನ ಕೈ ಕಿಟಕಿಯ ಕಟ್ಟೆಯನ್ನು ಗಟ್ಟಿಯಾಗಿ ಹಿಡಿದುಕೊಂಡಿತು.

"ಯಾರು?" ಅಂದರು, ಉಸಿರು ಸಿಕ್ಕದೆ. "ಯಾರು ಹೋದ್ರು? ಈಗ ಯಾರು?"

ಹುಡುಗಿ ಗಾಬರಿಯಾಗಿ ಕೈಯಲ್ಲಿದ್ದುದನ್ನು ಎತ್ತಿ ತೋರಿಸಿದಳು. ತರಕಾರಿ ಬೀಜದ ಕಂಪನಿಯ ಬಣ್ಣದ ಪುಸ್ತಕ, ಮುಖಪುಟದಲ್ಲಿ ಟೊಮ್ಯಾಟೊ. ನಾನು ದೊಡ್ಡಮ್ಮನನ್ನು ಬೆಂಚಿನ ಮೇಲೆ ಕೂರಿಸಿ ನೀರು ಕುಡಿಸಿದೆ. ಹುಡುಗಿ ಹೊರಗೆ ಓಡಿ ಬಂದಳು.

"ಸಾರಿ ಮಿಸೆಸ್ ಟಾಲಿವರ್, ನಾನು ಏನಾದ್ರೂ ತಪ್ಪು ಅಂದ್ನಾ?"

ದೊಡ್ಡಮ್ಮ ಅವಳ ಕೈ ಹಿಡಿದುಕೊಂಡರು. ಹೆರಿಗೆ ನೋವು ತಿನ್ನುವವರ ಕೈ ಹಿಡಿಯುತ್ತಿದ್ದ ಹಾಗೆಯೇ.

"ಇಲ್ಲ ಮಗಳೇ, ನೀನು ಸರಿಯಾಗೇ ಅಂದೆ. ಆದ್ರೆ ನನ್ನನ್ನ ಲುವೀನಿಯಾ ಅಂತಲೇ ಕರಿ. ಎಲ್ಲರೂ ಹಾಗೇ ಕರೀತಿದ್ರು."